ಕಾರ್ತಿಕದಲ್ಲಿ ಗುಡ್ಡಕ್ಕೆ ಇಟ್ಟ ಬೆಂಕಿ

ಗುಡ್ಡಕ್ಕೆ ಬೆಂಕಿ ಹಚ್ಚುವ ಕೆಲಸಕ್ಕೆ ನಾನು ಹೆಸರು ಕೊಟ್ಟದ್ದು ಒಂದು ಎಮ್ಮೆಯ ಸಲುವಾಗಿ.

ಆ ಎಮ್ಮೆ ನಮ್ಮದಲ್ಲ, ನೆರೆಮನೆಯ ಕಾಕುವಿನದು. ಗಡಹಿಂಗ್ಲಜದಿಂದ ಉತ್ತೂರಿಗೆ ಹೋಗುವ ದಾರಿ ಬಿಟ್ಟು ಒಳಗೆ ತಿರುಗಿದರೆ ನಮ್ಮೂರು. ಊರ ಬೆನ್ನಿಗೆ, ಪಶ್ಚಿಮ ದಿಕ್ಕಿಗೆ, ಎದೆಮಟ್ಟ ಹುಲ್ಲು ಬೆಳೆಯುವ ಗಾಯರಾನ ಗುಡ್ಡವಿದೆ. ಊರೊಟ್ಟಿನ ದನ ಮೇಯುವ ಜಾಗ ಅದು. ಕಾಕುವಿನ ಕೊಟ್ಟಿಗೆ ಆ ಗುಡ್ಡದ ಬುಡಕ್ಕೇ ಅಂಟಿಕೊಂಡಿದೆ. ಪ್ರತಿ ವರ್ಷ ಹೋಳಿ ಸುತ್ತಮುತ್ತ ಯಾರೋ ಒಬ್ಬರು ಗುಡ್ಡಕ್ಕೆ ಕಡ್ಡಿ ಗೀರುತ್ತಾರೆ. ಸುಟ್ಟರೆ ಮಳೆಗೆ ಹುಲ್ಲು ಚಲೋ ಚಿಗುರುತ್ತದೆ ಎನ್ನುವವರು ಕೆಲವರು, ಬೀಡಿ ಸೇದಿ ಎಸೆಯುವವರು ಕೆಲವರು. ಇಲ್ಲಿಯವರು ಅದಕ್ಕೆ ವಣವಾ ಎನ್ನುತ್ತಾರೆ.

ನಾನು ಹೆಸರು ಕೊಡುವ ಹಿಂದಿನ ವರ್ಷದ ವಣವಾ ಹಾಡಹಗಲೇ ಕೊಟ್ಟಿಗೆಯ ತನಕ ಇಳಿದು ಬಂತು. ಕಾಕು ಸೊಸೈಟಿಗೆ ಹಾಲು ಹಾಕಲು ಹೋಗಿದ್ದಳು. ಮೂರು ಎಮ್ಮೆಗಳಲ್ಲಿ ಎರಡು ಗೂಟ ಕಿತ್ತುಕೊಂಡು ಓಡಿದವು. ಮೂರನೆಯದರ ಗೂಟ ಗಟ್ಟಿ ಇತ್ತು. ನಾನು ನಮ್ಮ ಹಿತ್ತಲಲ್ಲಿ ನಿಂತು ಅದರ ದನಿ ಕೇಳಿದೆ. ಹೋಗಲು ಆಗಲಿಲ್ಲ, ನಡುವೆ ಬೆಂಕಿ ಇತ್ತು. ದನಿ ನಿಂತ ಮೇಲೂ ನಾನು ಕಿವಿ ಮುಚ್ಚಿಕೊಂಡೇ ಇದ್ದೆನೆಂದು ನಮ್ಮ ಮನೆಯವರು ಹೇಳಿದರು.

ಅಂದಿನಿಂದ ಕಾಕು ಮಾಘ ಮುಗಿಯಿತೆಂದರೆ ಎಮ್ಮೆ ಕಟ್ಟುವುದನ್ನೇ ಬಿಟ್ಟಳು. ಬಿಟ್ಟ ಎಮ್ಮೆಗಳು ಮಂದಿಯ ಕಬ್ಬಿಗೆ ನುಗ್ಗುತ್ತವೆ. ಬೈದವರಿಗೆ ಅವಳದು ಒಂದೇ ಉತ್ತರ: "ಬೈರಿ. ಕಟ್ಟೂದಿಲ್ಲ. ಕಟ್ಟಿ ಕೊಂದಾಕಿ ನಾನs."

ಮರುವರ್ಷ ದೀಪಾವಳಿಗೆ ಮುಂಚೆ ನಮ್ಮ ಬಚತ್ ಗಟದ, ಹೆಂಗಸರ ಉಳಿತಾಯ ಸಂಘದ, ಸಭೆಗೆ ಕೊಲ್ಲಾಪುರದಿಂದ ಹುಲ್ಲುಗಾವಲಿನ ಅಭ್ಯಾಸ ಮಾಡುವ ಒಬ್ಬ ಮೇಡಮ್ಮರು ಬಂದರು. ಕಡಿಮೆ ಮಾತಿನ, ಬಿಸಿಲಲ್ಲಿ ತಿರುಗಿ ಕಪ್ಪಾದ ಹೆಂಗಸು. ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಅವರು ಹೇಳಿದ್ದು ಇಷ್ಟು. ಮಾರ್ಚಿನಲ್ಲಿ ಹುಲ್ಲು ಬೇರಿನ ತನಕ ಒಣಗಿರುತ್ತದೆ. ಆಗ ಬಿದ್ದ ಬೆಂಕಿ ಹುಲ್ಲಿನ ಜೊತೆ ಒಣ ಸೆಗಣಿ, ಬಿದ್ದ ಕಟ್ಟಿಗೆ, ನಿಂತ ಗಿಡ ಎಲ್ಲವನ್ನೂ ನುಂಗುತ್ತದೆ. ಅಷ್ಟೂ ಇಂಗಾಲ ಹೊಗೆಯಾಗಿ ಮೇಲೆ ಹೋಗಿ ಭೂಮಿಗೆ ಕಾವು ಏರಿಸುತ್ತದೆ. ಅದೇ ಮಳೆಗಾಲ ಮುಗಿದ ಹೊಸತರಲ್ಲಿ, ಹುಲ್ಲಿನ ತುದಿ ಒಣಗಿ ಬುಡ ಹಸಿ ಇರುವಾಗ, ಪಟ್ಟಿ ಪಟ್ಟಿಯಾಗಿ ಸಣ್ಣ ಬೆಂಕಿ ಇಟ್ಟರೆ ತುದಿಯಷ್ಟೇ ಸುಡುತ್ತದೆ, ಬುಡ ಉಳಿಯುತ್ತದೆ, ಗಿಡಕ್ಕೆ ತಾಗುವುದಿಲ್ಲ. ಮುಂದೆ ದೊಡ್ಡ ಬೆಂಕಿ ಬಂದಾಗ ಆ ಪಟ್ಟಿಗಳಲ್ಲಿ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಬೇರೆ ದೇಶಗಳ ಹುಲ್ಲುಗಾಡಿನಲ್ಲಿ ಇದನ್ನು ಮಾಡುತ್ತಾರಂತೆ. ನಮ್ಮ ಗುಡ್ಡದಲ್ಲಿ ಒಂದು ವರ್ಷ ಮಾಡಿ, ತೂಗಿ ನೋಡಬೇಕು. ಪಂಚಾಯತಿಯ ಠರಾವು, ಅರಣ್ಯ ಇಲಾಖೆಯ ಒಪ್ಪಿಗೆ ಎರಡೂ ಅವರ ಚೀಲದಲ್ಲಿದ್ದವು.

ಸಭೆಯ ಹಿಂದೆ ಗೋಡೆಗೆ ಒರಗಿದ್ದ ಮಗ್ಗದಣ್ಣ ನಕ್ಕ. ಇಚಲಕರಂಜಿಯ ಪವರ್‌ಲೂಮಿನಲ್ಲಿ ವರ್ಷಗಟ್ಟಲೆ ದುಡಿದು, ಎದೆಯಲ್ಲಿ ಹತ್ತಿಯ ದೂಳು ತುಂಬಿಕೊಂಡು ಊರಿಗೆ ಮರಳಿದವನು ಅವನು. ಇಡೀ ಊರು ಅವನನ್ನು ಕರೆಯುವುದೇ ಹಾಗೆ.

"ಅಲ್ರಿ ಮೇಡಮ್, ಹೊಗಿ ಕಡಿಮಿ ಮಾಡಾಕ ಹೊಗಿ ಹಾಕೂದಂದ್ರ, ಶೀತ ಆಗಬಾರ್ದಂತ ಹೊಳಿಗೆ ಬಿದ್ದಂಗ ಆತಲ್ಲ?"

"ಹೋ, ದಾದಾ," ಎಂದರು ಮೇಡಮ್ಮರು. "ಮಗುಗೆ ಸೂಜಿ ಹಾಕತಾರ ನೋಡ್ರಿ, ಥೋಡಾ ಜ್ವರ ಬರತದ. ದೊಡ್ಡ ಬೇನೆ ಬರೂದಿಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾವು ಜೈನರು. ನೀರು ಸೋಸಿ ಕುಡಿಯುವವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು, ಒಲೆ ಹಚ್ಚುವ ಮುಂಚೆ ಇರುವೆ ಇದೆಯೇ ಎಂದು ಕಟ್ಟಿಗೆ ಕುಟ್ಟಿ ನೋಡುವವರು. ಕಾಡಿಗೆ ಕಿಚ್ಚಿಡುವ ಕಸುಬು ಶ್ರಾವಕರಿಗೆ ಸಲ್ಲದು ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಕಿವಿಯಲ್ಲಿ ಆ ಎಮ್ಮೆಯ ದನಿಯೂ ಇತ್ತು. ಮಾರ್ಚಿನ ಬೆಂಕಿಯಲ್ಲಿ ಸಾಯುವ ಜೀವ ಎಷ್ಟು, ನವೆಂಬರದ ಬೆಂಕಿಯಲ್ಲಿ ಸಾಯುವ ಜೀವ ಎಷ್ಟು? ಹೆಸರು ಕೊಟ್ಟೆ. ಮನಸ್ಸಿನೊಳಗೆ ಮಾತ್ರ ಒಂದು ಒಪ್ಪಂದ ಮಾಡಿಕೊಂಡೆ: ಹುಲ್ಲು ತೂಗುತ್ತೇನೆ, ಬೆಂಕಿ ದಾಟದ ಹಾಗೆ ಗೆರೆ ಕೆತ್ತುತ್ತೇನೆ, ನೀರು ಹೊರುತ್ತೇನೆ, ಕಡ್ಡಿ ಗೀರುವುದಿಲ್ಲ. ಅದನ್ನು ಮಗ್ಗದಣ್ಣ ಮಾಡಲಿ.

"ನರಕಕ್ಕ ನಾ ಹೋಗಬೇಕು, ಸ್ವರ್ಗಕ್ಕ ನೀವು. ಆಗ್ಲಿ ವೈನಿ, ಹೆಂಗಿದ್ರೂ ನನ್ನ ಎದಿ ಹೊಗಿ ಉಂಡs ಬೆಳದೈತಿ," ಎಂದ ಅವನು. ಚೇಷ್ಟೆಗೆ ಅಂದ ಮಾತು. ಆದರೂ ಅದು ನನ್ನೊಳಗೆ ನಾಟಿತು.

ಕೆಲಸ ಹೀಗೆ ಶುರುವಾಯಿತು. ಮೇಡಮ್ಮರು ಗುಡ್ಡವನ್ನು ಹನ್ನೆರಡು ತುಂಡು ಮಾಡಿ ಮೂಲೆ ಮೂಲೆಗೆ ಸುಣ್ಣ ಬಳಿದ ಕಲ್ಲು ಇಡಿಸಿದರು. ಪ್ರತಿ ತುಂಡಿನಲ್ಲೂ ಒಂದು ಮೀಟರ್ ಚೌಕದ ಪೈಪಿನ ಚೌಕಟ್ಟನ್ನು ಕಣ್ಣು ಮುಚ್ಚಿ ಎಸೆಯಬೇಕು. ಅದು ಬಿದ್ದಲ್ಲಿ ಒಳಗಿನ ಹುಲ್ಲನ್ನೆಲ್ಲ ಬುಡಕ್ಕೆ ಕೊಯ್ದು ತೂಗಬೇಕು, ಮೂರು ದಿನ ಬಿಸಿಲಿಗೆ ಹರವಿ ಮತ್ತೆ ತೂಗಬೇಕು. ಕಳೆದದ್ದು ನೀರು, ಉಳಿದದ್ದು ಉರಿಯುವ ಸರಕು. ಬೆಂಕಿ ಇಟ್ಟ ಮರುದಿನ ಪಕ್ಕದಲ್ಲೇ ಅದೇ ಚೌಕ ಇಟ್ಟು, ಸುಡದೆ ಉಳಿದ ದಂಟನ್ನು ಆರಿಸಿ ತೂಗಬೇಕು. ಮೊದಲಿನದರಲ್ಲಿ ಇದನ್ನು ಕಳೆದರೆ ಹೊಗೆಯಾಗಿ ಹೋದದ್ದೆಷ್ಟು ಎಂದು ತಿಳಿಯುತ್ತದೆ. ತಕ್ಕಡಿ ನನ್ನ ಅಡುಗೆಮನೆಯದೇ. ಬೇಳೆ ತೂಗುವ ತಕ್ಕಡಿಯಲ್ಲಿ ಬೂದಿ ಹತ್ತಿದ ಹುಲ್ಲನ್ನಿಟ್ಟದ್ದಕ್ಕೆ ಅತ್ತೆ ಎರಡು ದಿನ ಮುಖ ತಿರುಗಿಸಿದರು.

ಹುಲ್ಲು ಹದಕ್ಕೆ ಬಂದಿದೆಯೇ ಎಂದು ನೋಡಲು ಒಂದು ಹಿಡಿಯನ್ನು ಹಗ್ಗದ ಹಾಗೆ ಹೊಸೆಯಬೇಕು. ಬಳುಕಿ ನೀರು ಬಿಟ್ಟರೆ ಇನ್ನೂ ಹಸಿ. ಪಟ್ಟನೆ ಮುರಿದರೆ ಹದ ಮೀರಿತು, ಮುಟ್ಟಬಾರದು. ಬಳುಕಿ, ಮೇಲಿನ ಎಳೆ ಮಾತ್ರ ಸೀಳಿದರೆ ಸರಿ. ಮಗ್ಗದಣ್ಣನಿಗೆ ಇದರ ಜೊತೆ ಇನ್ನೊಂದು ಪರೀಕ್ಷೆ ಇತ್ತು. ಕಿಸೆಯಲ್ಲಿ ಯಾವಾಗಲೂ ಒಂದು ಎಳೆ ಹತ್ತಿ ನೂಲು. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ಕಿವಿಗೆ ಹಿಡಿಯುತ್ತಿದ್ದ. "ಹವಾ ಒಣಗಿದ್ರ ಮಗ್ಗದ ಮ್ಯಾಲ ನೂಲು ಪಟಪಟ ಕಡೀತೈತ್ರಿ. ಮಾಲಕ ಬೈಯೂಕಿಂತ ಮೊದಲ ನೂಲು ನನಗ ಹೇಳತಿತ್ತು." ಮೇಡಮ್ಮರ ಬಳಿ ಹವೆಯ ತೇವ ಅಳೆಯುವ ಡಬ್ಬಿ ಇತ್ತು. ನೂಲೂ ಡಬ್ಬಿಯೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದವು.

ಜಗಳ ಬಂದದ್ದು ಹೊತ್ತಿನ ವಿಷಯಕ್ಕೆ. ಸಂಜೆ ಹಚ್ಚಬೇಕು ಎಂದರು ಮೇಡಮ್ಮರು. ಹೊತ್ತು ಇಳಿದಂತೆ ತೇವ ಏರುತ್ತದೆ, ಇಬ್ಬನಿ ಬೀಳುತ್ತದೆ, ಬೆಂಕಿ ತಾನೇ ಸಾಯುತ್ತದೆ. ನಾನು ಒಪ್ಪಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೆಳಕು ಕಂಡಲ್ಲಿ ಹುಳ ಬಂದು ಬೀಳುತ್ತವೆ. ಅದಕ್ಕೇ ಅಲ್ಲವೇ ನಾವು ಆ ಹೊತ್ತಿಗೆ ಒಲೆ ಆರಿಸುವುದು? ಇಡೀ ಗುಡ್ಡಕ್ಕೆ ದೀಪ ಹಚ್ಚಿದರೆ ಎಷ್ಟು ಹುಳ ಬಂದು ಬಿದ್ದಾವು? "ಮುಂಜಾನೆ ಮಾಡೂಣ್ರಿ," ಎಂದೆ. "ಇಬ್ಬನಿ ಆಗೂ ಇರತೈತಿ."

"ಬಾಯೀ, ಮುಂಜಾನೆ ಇಬ್ಬನಿ ಹೋಗತದ. ಸಂಜೆ ಬರತದ," ಎಂದರು ಮೇಡಮ್ಮರು. ನಾನು ಹಟ ಹಿಡಿದೆ. ಗಟದಲ್ಲಿ ಐದು ಮಂದಿ ಜೈನರ ಹೆಂಗಸರು ನನ್ನ ಪರ ನಿಂತರು. ಬೆಳಿಗ್ಗೆ ಏಳಕ್ಕೆ ಹಚ್ಚಿ ಒಂಬತ್ತರೊಳಗೆ ಆರಿಸುವುದಾದರೆ ಆಗಲಿ ಎಂದು ಅವರು ಕೊನೆಗೆ ಒಪ್ಪಿದರು. ಒಪ್ಪುವಾಗಲೂ ಗೆರೆ ಎರಡು ಮಾರು ಅಗಲ ಇರಲೇಬೇಕೆಂದು ಮೂರು ಸಲ ಹೇಳಿದರು.

ಮೊದಲ ಎರಡು ತುಂಡು ಚೆಂದ ಆದವು. ಸಲಿಕೆಯಿಂದ ಸುತ್ತ ಕೆತ್ತಿ ಮಣ್ಣಿನ ಗೆರೆ ಮಾಡಿದೆವು. ಕಬ್ಬಿಗೆ ಔಷಧಿ ಹೊಡೆಯುವ ಪಂಪುಗಳನ್ನು ತೊಳೆದು ನೀರು ತುಂಬಿ ಬೆನ್ನಿಗೇರಿಸಿದೆವು. ಕೈಯಲ್ಲಿ ಬೆಂಕಿ ಬಡಿಯಲು ಲಕ್ಕಿ ಗಿಡದ ಹಸಿ ಟೊಂಗೆ. ಮಗ್ಗದಣ್ಣ ಮೇಲಿನ ಅಂಚಿಗೆ ಕಿಚ್ಚು ಮುಟ್ಟಿಸಿದ. ಮೊಣಕಾಲಿಗಿಂತ ಸಣ್ಣ ಉರಿ ಚಟಚಟ ಎನ್ನುತ್ತ, ಕುಂಟುತ್ತ ಕೆಳಗೆ ಇಳಿಯಿತು. ನಡುನಡುವೆ ಹಸಿ ಇದ್ದಲ್ಲಿ ತಾನೇ ನಿಂತು ಬಿಟ್ಟು ಹೋಯಿತು. ಸಂಜೆ ಜಪಕ್ಕೆ ಕೂತಾಗ ದಿನದ ಸಣ್ಣ ಸಣ್ಣ ಉಪಕಾರಗಳನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಆ ಎರಡು ದಿನ ಗೆಣ್ಣು ಸಾಲಲಿಲ್ಲ.

ಮೂರನೆಯ ತುಂಡಿನ ಮೇಲೆ ಒಂದು ಹಾಸುಗಲ್ಲಿತ್ತು. ಅಲ್ಲಿ ಕಾಕು ತನ್ನ ಎಮ್ಮೆಗಳಿಗೆ ಹುಲ್ಲು ಕೊಯ್ದು, ಪೆಂಡಿ ಕಟ್ಟಿ ಒಟ್ಟಿದ್ದಳು. ಇಳಿಸಲು ಗಾಡಿ ಸಿಕ್ಕಿರಲಿಲ್ಲ. ಗೆರೆಯಿಂದ ಅದು ದೂರವೇ ಇತ್ತು. ಆ ತುಂಡಿನಲ್ಲಿ ಪೊದೆ ಹೆಚ್ಚು, ಹೊಕ್ಕಲ್ಲೆಲ್ಲ ಏನಾದರೊಂದು ಹರಿದಾಡುತ್ತಿತ್ತು. ನಾನು ಹಾಗೇ ಹಚ್ಚಿಸಲಾರದೆ ಹೋದೆ. ಬಸದಿಯ ದರ್ಶನ ಮುಗಿಸಿ ಬಂದವಳೇ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಸ್ಟೀಲಿನ ತಾಟು ಬಡಿಯುತ್ತ, ಕೋಲಿನಿಂದ ಹುಲ್ಲು ಸವರುತ್ತ ಒಂದು ಸುತ್ತು ಹಾಕಿಸಿದೆ. ಮೊಲ ಎರಡು ಹೋದವು. ಬುರ್ಲಿ ಹಕ್ಕಿಗಳ ಹಿಂಡು ಎದ್ದಿತು. ಇನ್ನೂ ಇದ್ದಾವೆಂದು ಎರಡನೆಯ ಸುತ್ತು, ನಂತರ ಮೂರನೆಯದು. ಮೇಡಮ್ಮರು ಅಂದು ಕೊಲ್ಲಾಪುರಕ್ಕೆ ಹೋಗಿದ್ದರು. ಗಡಿಯಾರ ನೋಡುವವರು ಯಾರೂ ಇರಲಿಲ್ಲ. ಸೆರಗಿನಲ್ಲಿ ಬೆವರು ಒರೆಸಿಕೊಂಡಾಗ ಹೊತ್ತು ನೆತ್ತಿಯ ಕಡೆ ಹೊರಳಿತ್ತು.

ಮಗ್ಗದಣ್ಣ ನೂಲು ತಿಕ್ಕಿ ನನ್ನ ಮುಖ ನೋಡಿದ. "ವೈನಿ, ಬ್ಯಾಡ್ರಿ ಇವತ್ತ. ಗರಗರ ಅನ್ನಾಕತ್ತೈತಿ."

"ಇಷ್ಟು ಜೀವ ಹೊರಗ ಹಾಕೀವಿ ಅಣ್ಣಾ. ನಾಳಿಗೆ ಬಿಟ್ರ ಎಲ್ಲಾ ತಿರುಗಿ ಬರತಾವು. ಹಚ್ಚು," ಎಂದೆ.

ಅವನು ಹಚ್ಚಿದ. ಬೆಳಗಿನಿಂದ ಕಾದ ಇಳಿಜಾರು ಗಾಳಿಯನ್ನು ಮೇಲಕ್ಕೆ ಎಳೆಯತೊಡಗಿತ್ತು. ಅದು ನಮಗೆ ಗೊತ್ತಾಗಿರಲಿಲ್ಲ. ಉರಿ ಸೊಂಟಮಟ್ಟ ಎದ್ದಿತು. ಹತ್ತಿದ ಒಂದು ಹುಲ್ಲಿನ ಕಂತೆ ಬಿಡಿಸಿಕೊಂಡು, ಗೆರೆಯ ಮೇಲಿಂದ ಹಾರಿ ಆಚೆ ಬಿತ್ತು. ನಾನು ಓಡಿ ಟೊಂಗೆಯಿಂದ ಬಡಿದೆ. ಬಡಿದಲ್ಲಿ ಆರಿತು, ಬಲಕ್ಕೆ ಹತ್ತಿತು. ಮೂರು ಉಸಿರು ಬಿಡುವಷ್ಟರಲ್ಲಿ ಅದು ನಮ್ಮಿಂದ ದೂರ, ಗುಡ್ಡದ ಮೇಲ್ಮುಖವಾಗಿ, ಗಾಳಿ ಹೊಕ್ಕ ಸೀರೆಯ ಹಾಗೆ ಎದ್ದು ಓಡಿತು. ಕಾಕುವಿನ ಪೆಂಡಿಗಳು ಹತ್ತಿದ ಸದ್ದು ಕೆಳಗಿನ ತನಕ ಕೇಳಿಸಿತು. ನೆತ್ತಿಯ ಬರಿ ಬಂಡೆಗೆ ಮುಟ್ಟಿ, ಉಣ್ಣಲು ಏನೂ ಇಲ್ಲದೆ ಅದು ಸತ್ತಾಗ ಮಧ್ಯಾಹ್ನವಾಗಿತ್ತು. ಮಂದಿಗೆ ಏನೂ ಆಗಲಿಲ್ಲ. ಅದೊಂದು ಗೆಣ್ಣು ಎಣಿಸಬಹುದಿತ್ತು. ಎಣಿಸಲಿಲ್ಲ.

ಕಾಕು ಸುದ್ದಿ ಕೇಳಿ ಬಂದು ಹಾಸುಗಲ್ಲಿನ ಹತ್ತಿರ ನಿಂತಳು. ಅಳಲಿಲ್ಲ.

"ಹುಳಾ ಉಳಸಾಕ ತಾಟ ಬಡದೇರಂತಲ್ಲ ತಂಗಿ," ಎಂದಳು. "ನನ್ನ ಎಮ್ಮಿ ಹುಳಕ್ಕಿಂತ ಕಡಿಮಿ ಆದ್ವೇನು? ಅವಕ್ಕೂ ಎಲ್ಡು ತಾಟ ಬಡೀಬೇಕಿತ್ತು."

ಅಂದಿನಿಂದ ನಮ್ಮ ಕಬ್ಬಿನ ವಾಡೆಯನ್ನು, ತುದಿಯ ಹಸಿ ಸೋಗೆಯನ್ನು, ದಿನಕ್ಕೊಂದು ಹೊರೆ ಅವಳ ಕೊಟ್ಟಿಗೆಯ ಮುಂದೆ ಇಟ್ಟು ಬಂದೆ. ಅವಳು ಎಮ್ಮೆಗೆ ಹಾಕಿದಳು. ನನ್ನ ಜೊತೆ ಮಾತು ಬಿಟ್ಟಳು.

ಮರುದಿನ ಚೌಕ ಇಟ್ಟು ತೂಗಬೇಕಾಗಿದ್ದರಿಂದ ಸುಟ್ಟ ಜಾಗಕ್ಕೆ ಹೋದೆ. ಕರಿದಾದ ಒಂದು ಕಾರೆ ಗಿಡದ ಟೊಂಗೆಗೆ ಗೋಸುಂಬೆಯೊಂದು ಕಚ್ಚಿಕೊಂಡಿತ್ತು. ತಾಟಿನ ಸದ್ದಿಗೆ ಮೊಲ ಓಡುತ್ತದೆ, ಹಕ್ಕಿ ಹಾರುತ್ತದೆ. ಗೋಸುಂಬೆ ಹೆದರಿದರೆ ಅಲುಗಾಡದೆ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಗೊತ್ತಿದ್ದವಳೇ ನಾನು. ನಾಲ್ಕು ಕಾಲೂ ಟೊಂಗೆ ಬಿಟ್ಟಿರಲಿಲ್ಲ. ಬಿಡಿಸಲು ಹೋದರೆ ಬೂದಿಯಾಗಿ ಉದುರಿತು.

ನಾನು ಕೆಲಸ ಬಿಟ್ಟೆ. ಎರಡು ದಿನ ಉಪವಾಸವಿದ್ದು, ನಾಂದಣಿಗೆ, ತವರಿಗೆ ಹೋದೆ. ಜಯಸಿಂಗಪುರದಲ್ಲಿ ಬಸ್ ಇಳಿದು ರಿಕ್ಷಾ ಹತ್ತುವಾಗ ಸೀರೆಯಿಂದ ಇನ್ನೂ ಹೊಗೆಯ ವಾಸನೆ ಬರುತ್ತಿತ್ತು. ತವರೂರಿಗೆ ಆಗ ಒಬ್ಬ ವೃದ್ಧ ಮಾತಾಜಿ, ನಮ್ಮ ಸನ್ಯಾಸಿನಿ, ಕಾಲ್ನಡಿಗೆಯ ವಿಹಾರದಲ್ಲಿ ಬಂದು ತಂಗಿದ್ದರು. ಬಿಳಿ ಸೀರೆಯ ಸಣ್ಣ ದೇಹ, ಪಕ್ಕದಲ್ಲಿ ನವಿಲುಗರಿಯ ಪಿಂಛಿ. ನಾನು ಎಲ್ಲ ಹೇಳಿದೆ. ಕೊನೆಗೆ, "ಬೆಂಕಿ ನಾ ಹಚ್ಚಿಲ್ರಿ ಮಾತಾಜಿ, ಬ್ಯಾರೇದವರು ಹಚ್ಚಿದ್ರು," ಎಂದೆ.

ಅವರು ಪಿಂಛಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕೇಳಿದರು:

"ಹಚ್ಚು ಅಂದಾಕಿ ಯಾರು?"

"ನಾನs ರಿ."

"ಮಾಡೂದು, ಮಾಡಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರೂ ಒಂದs ತೂಕ. ನಿನ್ನ ತಕ್ಕಡ್ಯಾಗ ಮಾತ್ರ ಕೈ ಬ್ಯಾರೆ, ಬಾಯಿ ಬ್ಯಾರೆ ಹೆಂಗ ಆದ್ವು ಮಗಳ? ಆ ಮನಷಾ ಬ್ಯಾಡ ಅಂದ. ಬೆಂಕಿ ಅವನ ಕೈಯಾಗಿತ್ತಂತ ಅವನ ಮಾತಿಗೆ ನೀ ಬೆಲಿ ಕೊಡಲಿಲ್ಲ. ನಿನ್ನ ಕೈಯಾಗಿದ್ರ ಕೇಳತಿದ್ದಿ."

ಹಾಗಾದರೆ ಮುಂದುವರಿಸಲೇ, ಬಿಡಲೇ ಎಂದು ಕೇಳಿದೆ.

"ಬೆಂಕಿ ಹಚ್ಚು ಅಂತ ನಾ ಅನ್ನೂದಿಲ್ಲ. ನನ್ನ ಬಾಯಿಂದ ಆ ಮಾತ ಬರೂದಿಲ್ಲ, ನನ್ನ ಹೆಸರೂ ಹೇಳಬ್ಯಾಡ," ಎಂದರು. "ಬಿಟ್ಟು ಕುಂತ್ರ ಮಾರ್ಚಿನ್ಯಾಗ ಏನ ಆಗತೈತಿ, ಅದು ನಿನಗ ಗೊತ್ತೈತಿ. ಗೊತ್ತಿದ್ದೂ ಕುಂತಿದ್ದು ಯಾರ ಲೆಕ್ಕಕ್ಕ ಹೋಗತೈತಿ, ಅದನ್ನೂ ತೂಗು. ಏನ ಮಾಡಿದ್ರೂ ನಿನ್ನ ಕೈಲೆ ಮಾಡು, ಕಣ್ಣ ತೆರದು ಮಾಡು."

ಇಷ್ಟೇ. ಅಪ್ಪಣೆಯೂ ಸಿಗಲಿಲ್ಲ, ಬಿಡುಗಡೆಯೂ ಸಿಗಲಿಲ್ಲ. ಮರಳಿ ಬರುವಾಗ ಬಸ್ಸಿನ ಕಿಟಕಿಯಿಂದ ಕಬ್ಬಿನ ಹೊಲಗಳನ್ನು ನೋಡುತ್ತ ನನಗೆ ತಿಳಿದದ್ದು ಒಂದೇ. ನಾನು ಇಷ್ಟು ದಿನ ಕಾದುಕೊಂಡದ್ದು ಜೀವಗಳನ್ನಲ್ಲ, ನನ್ನ ಕೈಯನ್ನು. ಹುಳಕ್ಕೆಂದು ಸಂಜೆ ಬೇಡವೆಂದೆ, ಮೊಲಕ್ಕೆಂದು ತಾಟು ಬಡಿದೆ, ಇಬ್ಬನಿ ಹೋದದ್ದನ್ನು ನೋಡಲಿಲ್ಲ. ಕಿಚ್ಚು ನನ್ನ ಕೈಯಲ್ಲಿದ್ದರೆ ಗಾಳಿ ಯಾವ ಕಡೆ ಎಂದು ಮೊದಲು ನೋಡುತ್ತಿದ್ದೆ.

ಊರಿಗೆ ಬಂದವಳೇ ಮಗ್ಗದಣ್ಣನ ಮನೆಗೆ ಹೋಗಿ ತಪ್ಪಾಯಿತೆಂದೆ. ಅವನು ಸಂಕೋಚದಿಂದ ಎದ್ದು ನಿಂತ. "ಹೋಗ್ಲಿ ಬಿಡ್ರಿ ವೈನಿ. ಇಚಲಕರಂಜ್ಯಾಗೂ ನೂಲಿನ ಮಾತ ಯಾರೂ ಕೇಳತಿದ್ದಿಲ್ಲ."

ಅಲ್ಲಿಂದ ಮೇಡಮ್ಮರಿಗೆ ಫೋನು ಮಾಡಿದೆ. ಸಂಜೆಯೇ ಹಚ್ಚೋಣ, ನಾನೇ ಹಚ್ಚುತ್ತೇನೆ, ಆದರೆ ಮೂರು ಮಾತು ನಡೆಸಿಕೊಡಬೇಕು ಎಂದೆ. ನಮ್ಮ ಗುಡ್ಡ ಪೂರ್ವಕ್ಕೆ ಮುಖ ಮಾಡಿದ್ದು. ನಾಲ್ಕಕ್ಕೇ ಬಿಸಿಲು ತಪ್ಪಿ ಗಾಳಿ ಕೆಳಕ್ಕೆ ಹರಿಯತೊಡಗುತ್ತದೆ. ಆಗ ಹಚ್ಚಿ, ದೀಪದ ಹೊತ್ತಿಗೆ ಒಂದು ಕಿಡಿಯೂ ಉಳಿಯದ ಹಾಗೆ ನೀರು ಹಾಕಬೇಕು. ಅಷ್ಟರಲ್ಲಿ ಮುಗಿಯಲು ತುಂಡುಗಳನ್ನು ಅರ್ಧ ಅರ್ಧ ಮಾಡಬೇಕು. ಕೊನೆಯದು, ಬೆಂಕಿಯನ್ನು ಎಂದೂ ಸುತ್ತಿ ಹಚ್ಚಬಾರದು. ಮೇಲಿನ ಅಂಚಿಗೆ ಮಾತ್ರ ಹಚ್ಚಿ, ಜೀವಗಳು ಓಡಿಹೋಗಲು ಕೆಳಗಿನ ಬಾಗಿಲು ತೆರೆದಿಡಬೇಕು. ಇನ್ನು ಪೊದೆಗಳನ್ನು ಹಿಂದಿನ ದಿನವೇ ಕೈಯಿಂದ ಹುಡುಕಿ, ಓಡಲಾರದ್ದನ್ನು ಎತ್ತಿ ಆಚೆ ಬಿಡಬೇಕು. ಅದನ್ನು ನಾನು ಮಾಡುತ್ತೇನೆ.

"ಅರ್ಧ ಮಾಡಿದ್ರ ದಿವಸ ದುಪ್ಪಟ್ಟು ಆಗತಾವ. ಹುಲ್ಲು ಕಾಯೂದಿಲ್ಲ," ಎಂದರು ಮೇಡಮ್ಮರು.

"ಹದ ಮೀರಿದ್ದು ಬಿಟ್ಟುಬಿಡೂಣ್ರಿ."

ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದು ಕೇಳಿಸಿತು. ನಂತರ, "ಚಾಲೇಲ, ಬಾಯೀ. ಆಗಲಿ," ಎಂದರು.

ಮೊದಲ ಸಂಜೆ ಕಿಚ್ಚಿನ ಕೋಲನ್ನು ನಾನೇ ಹಿಡಿದೆ. ಕಬ್ಬಿಣದ ಕೋಲಿನ ತುದಿಗೆ ಸುತ್ತಿದ ಬಟ್ಟೆ, ಸೀಮೆಎಣ್ಣೆ. ಣಮೋಕಾರ ಮಂತ್ರ ಹೇಳಲು ಬಾಯಿ ತೆರೆದವಳು ನಿಲ್ಲಿಸಿದೆ. ಈ ಕೆಲಸಕ್ಕೆ ದೇವರ ಹೆಸರು ಹೊದಿಸಬಾರದು ಎನ್ನಿಸಿತು. ಹುಲ್ಲು ಹೊಸೆದೆ. ಬಳುಕಿತು, ಮೇಲೆಳೆ ಸೀಳಿತು. ಮಗ್ಗದಣ್ಣ ನೂಲು ಕಿವಿಗೆ ಹಿಡಿದು ತಲೆ ಆಡಿಸಿದ. ಬೂದಿ ತೂರಿ ಗಾಳಿ ನೋಡಿದೆ, ಕೆಳಕ್ಕೆ ಹೋಯಿತು. ಹಚ್ಚಿದೆ.

ಉರಿ ಸಣ್ಣಗೆ ಇಳಿಯಿತು. ಒಂದೊಂದು ಹೆಜ್ಜೆಗೂ ನಾನು ಅದರ ಹಿಂದೆಯೇ ಇಳಿದೆ. ನನ್ನದೇ ಕೂಸಿನ ಹಿಂದೆ ನಡೆದ ಹಾಗೆ ಅಲ್ಲ, ನನ್ನದೇ ತಪ್ಪಿನ ಹಿಂದೆ ನಡೆದ ಹಾಗೆ. ಕಣ್ಣು ತೆಗೆಯಲಿಲ್ಲ. ನೆರಳು ಊರಿನ ಮೇಲೆ ಬೀಳುವ ಹೊತ್ತಿಗೆ ಅದು ಅಲ್ಲಲ್ಲಿ ಹೊಗೆಯಾಡುತ್ತಿತ್ತು. ಪಂಪಿನಿಂದ ನೀರು ಹೊಡೆದು, ಸೆಗಣಿಯ ಒಣ ಹೆಂಟೆಗಳನ್ನು ಒಂದೊಂದಾಗಿ ಮಗುಚಿ, ಅಂಗೈ ಇಟ್ಟು ಬಿಸಿ ನೋಡಿ ಇಳಿದೆವು. ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಉಣ್ಣುವಂತಿರಲಿಲ್ಲ. ಬೆಂಕಿಯ ದಿನಗಳಲ್ಲಿ ಒಪ್ಪತ್ತು ಎಂದು ನಿಯಮ ಮಾಡಿಕೊಂಡೆ. "ಗುಡ್ಡಾ ಉಣ್ಣತೈತಿ, ನೀ ಉಪಾಸ ಇರತಿ," ಎಂದು ನಮ್ಮ ಮನೆಯವರು ಅಂದರು. ಮರುದಿನದಿಂದ ಅವರೇ ಒಂದು ಪಂಪು ಬೆನ್ನಿಗೇರಿಸಿ ಬರತೊಡಗಿದರು. ಅದು ನಾನು ಕೇಳದೆ ಸಿಕ್ಕ ಉಪಕಾರ.

ಪೊದೆಗಳನ್ನು ಹುಡುಕುವುದು ನಿಧಾನದ ಕೆಲಸ. ಮುಳ್ಳು ಕೈ ಹರಿಯುತ್ತದೆ. ಗೋಸುಂಬೆಗಳು ಸಿಕ್ಕವು, ಎಲೆಯ ಬಣ್ಣಕ್ಕೇ ತಿರುಗಿ ಕೂತವು. ಕೋಲಿನ ಮೇಲೆ ಹತ್ತಿಸಿಕೊಂಡು ಸುಟ್ಟು ಆರಿದ ತುಂಡಿನ ಆಚೆ ಬಿಟ್ಟೆ. ಸಿಗದವೂ ಇದ್ದವು. ಸುಟ್ಟ ಮರುದಿನ ಚೌಕದೊಳಗೆ ಮಿಡತೆ, ಜೇಡ, ಒಮ್ಮೆ ಒಂದು ಹಾವುರಾಣಿ ಸತ್ತದ್ದು ಕಂಡಿತು. ಅವನ್ನು ನೋಡಿಲ್ಲವೆಂದು ನಾನು ಹೇಳುವುದಿಲ್ಲ.

ಡಿಸೆಂಬರ್ ನಡುವಿಗೆ ಹುಲ್ಲು ಪಟ್ಟನೆ ಮುರಿಯತೊಡಗಿತು. ಆಗಿನ್ನೂ ಬಡಗಣ ತುದಿಯ ಎರಡು ತುಂಡು ಉಳಿದಿದ್ದವು. ಮೇಡಮ್ಮರು ಬಂದು ಸುಣ್ಣದ ಕಲ್ಲಿನ ಮೇಲೆ ಕೂತು ಅವುಗಳನ್ನೇ ನೋಡಿದರು. "ಎರಡs ಉಳದಾವ ಬಾಯೀ. ಗೆರಿ ಮೂರು ಮಾರು ಮಾಡೂಣ?" ಎಂದರು. ನಾನು ಒಂದು ಹಿಡಿ ಹುಲ್ಲು ಕಿತ್ತು ಅವರ ಮುಂದೆ ಹೊಸೆದೆ. ಮುರಿಯಿತು. ಮಾತು ಅಲ್ಲಿಗೇ ನಿಂತಿತು. ಕೋಲನ್ನು ತೊಳೆದು ಅಟ್ಟಕ್ಕೆ ಹಾಕಿದೆ.

ಮಾಘ ಮುಗಿಯಿತು. ಕಾಕು ಎಮ್ಮೆಗಳನ್ನು ಬಿಚ್ಚಿದಳು. ಮತ್ತೆ ಕಬ್ಬು, ಮತ್ತೆ ಜಗಳ. ವಾಡೆಯ ಹೊರೆ ಇಡಲು ಹೋದಾಗ ಒಂದು ದಿನ ನಾನೇ ಬಾಯಿ ಬಿಟ್ಟೆ: "ಕಾಕು, ಪಟ್ಟಿ ಹಾಕೀವಿ. ಈ ಸಲ ಬೆಂಕಿ ಇಲ್ಲಿ ತನಕ ಬರೂದಿಲ್ಲ ಅನಸತೈತಿ."

"ಅನಸತೈತಿ ಅಂತ ನಾ ಕಟ್ಟಲೇನು?" ಎಂದಳು. ತಿಂಗಳುಗಳ ಮೇಲೆ ಆಡಿದ ಮೊದಲ ಮಾತು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಹೋಳಿ ಕಳೆದ ನಾಲ್ಕನೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಬಡಗಣ ದಿಕ್ಕಿನಿಂದ ಹೊಗೆ ಎದ್ದಿತು. ಆಚೆ ಊರಿನ ಗುಡ್ಡಕ್ಕೆ ಯಾರೋ ಹಚ್ಚಿದ್ದರು. ಗಾಳಿ ನಮ್ಮ ಕಡೆ. ಪಂಪು ಬೆನ್ನಿಗೆ ಹಾಕಿಕೊಂಡು ಓಡಿದೆ. ಮಗ್ಗದಣ್ಣ ಏದುಸಿರು ಬಿಡುತ್ತ ಹಿಂದೆ ಬಂದ. ಬೆಂಕಿ ದಿಣ್ಣೆ ದಾಟಿ, ನಾವು ಬಿಟ್ಟ ಎರಡು ತುಂಡುಗಳಿಗೆ ನುಗ್ಗಿತು. ನಾನು ಅಂಥ ಸದ್ದು ಕೇಳಿದ್ದು ಎಮ್ಮೆ ಸತ್ತ ವರ್ಷವೇ. ಉರಿ ಆಳೆತ್ತರಕ್ಕೂ ಮೇಲೆ ಹೋಯಿತು. ಅಲ್ಲಿದ್ದ ನೆಲ್ಲಿ ಮರಗಳು ನಿಂತಲ್ಲೇ ಹತ್ತಿದವು. ಅಷ್ಟು ದೂರದಿಂದಲೂ ಮುಖ ಸುಟ್ಟಿತು. ಆ ಎರಡು ತುಂಡು ಬಿಟ್ಟದ್ದು ಸರಿಯೋ ತಪ್ಪೋ ಎಂದು ಯೋಚಿಸಲು ವೇಳೆ ಇರಲಿಲ್ಲ.

ಕೆಳಗೆ ನೋಡಿದೆ. ಕಾಕು ಕೊಟ್ಟಿಗೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಒಂದು ಬಡಿಗೆ. ಎರಡೂ ಎಮ್ಮೆಗಳನ್ನು ಹೊಲದ ಕಡೆ ಅಟ್ಟಿ, ತಾನು ಮಾತ್ರ ಹೋಗದೆ ಬೆಂಕಿಗೆ ಎದುರಾಗಿ ನಿಂತಿದ್ದಳು.

"ಕಾಕು, ಸರೀರಿ ಅತ್ತಾಗ!" ಎಂದು ಕೂಗಿದೆ.

"ನೀ ಸರದೀಯೇನು?" ಎಂದು ಅಲ್ಲಿಂದಲೇ ಕೂಗಿದಳು.

ಬೆಂಕಿ ನಮ್ಮ ಮೊದಲ ಪಟ್ಟಿಗೆ ಬಂತು. ಕಾರ್ತಿಕದಲ್ಲಿ ತುದಿ ಸುಟ್ಟ ಹುಲ್ಲು ಅಲ್ಲಿ ಗೇಣುದ್ದದ ದಂಟಾಗಿ ನಿಂತಿತ್ತು, ಬುಡದಲ್ಲಿ ನಾಲ್ಕು ಹಸಿರು ಎಸಳು. ಆಳೆತ್ತರದ ಉರಿ ಅದರ ಅಂಚಿಗೆ ಬಂದು ಸೊಂಟಕ್ಕೆ ಇಳಿಯಿತು. ಹತ್ತು ಹೆಜ್ಜೆ ಒಳಗೆ ಬಂದು ಮೊಣಕಾಲಿಗೆ ಇಳಿಯಿತು. ಅಲ್ಲಲ್ಲಿ ಕಿಡಿ ಹಾರಿ ಬಿದ್ದವು. ಬಿದ್ದಲ್ಲಿ ಹಬ್ಬಲಿಲ್ಲ, ಹೊಗೆಯಾಡಿದವು. ಅಷ್ಟರಲ್ಲಿ ಗಟದವರೂ ಬಂದಿದ್ದರು, ನಾವು ಆರು ಜನ ಟೊಂಗೆ ಬಡಿಯುತ್ತ, ನೀರು ಹೊಡೆಯುತ್ತ ಅಂಚಿನುದ್ದ ನಡೆದೆವು. ಎರಡನೆಯ ಪಟ್ಟಿಯ ನಡುವೆ ಬೆಂಕಿಯ ಸಾಲು ತುಂಡು ತುಂಡಾಯಿತು. ಮೂರನೆಯದಕ್ಕೆ ಮುಟ್ಟಲೇ ಇಲ್ಲ. ಮಗ್ಗದಣ್ಣ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಕೆಮ್ಮಿದ. ಕೆಮ್ಮಿನ ನಡುವೆಯೇ ನಗುತ್ತಿದ್ದ.

ಮರುದಿನ ಮೇಡಮ್ಮರು ಬಂದರು. ಬಿಟ್ಟ ತುಂಡಿನಲ್ಲಿ ಚೌಕ ಇಟ್ಟರೆ ತೂಗಲು ಏನೂ ಇರಲಿಲ್ಲ, ಬೂದಿಯಷ್ಟೇ. ಪಟ್ಟಿಯ ಚೌಕದಲ್ಲಿ ನನ್ನ ತಕ್ಕಡಿಯಲ್ಲಿ ಹಿಡಿಸದಷ್ಟು ದಂಟು ಇತ್ತು. ಅವರು ಎರಡನ್ನೂ ಪುಸ್ತಕಕ್ಕೆ ಬರೆದುಕೊಂಡರು. ಒಂದು ಗುಡ್ಡ, ಒಂದು ವರ್ಷ, ಇದರಿಂದ ಏನೂ ಸಾಬೀತಾಗುವುದಿಲ್ಲ, ಇನ್ನೂ ವರ್ಷಗಳು ಬೇಕು ಎಂದರು. ಅವರ ಮುಖ ಮಾತ್ರ ಹಗುರಾಗಿತ್ತು. ನಾನು ಪುಣ್ಯ ಮಾಡಿದೆನೆಂದು ನಂಬುವುದಿಲ್ಲ. ನನ್ನ ಕೈಯಿಂದ ಸತ್ತ ಜೀವಗಳಿಗೆ ಪ್ರತಿದಿನ ಪ್ರತಿಕ್ರಮಣದಲ್ಲಿ ಕ್ಷಮೆ ಕೇಳುತ್ತೇನೆ. ಬರುವ ಕಾರ್ತಿಕದಲ್ಲಿ ಮತ್ತೆ ಹಚ್ಚುತ್ತೇನೆ. ಮತ್ತೆ ಕೇಳುತ್ತೇನೆ.

ಆದರೆ ಬೆಂಕಿ ನಿಂತ ಆ ದಿನದ ಸಂಜೆಯನ್ನು ಹೇಳಿ ಮುಗಿಸಬೇಕು. ಗುಡ್ಡ ಇಳಿದು, ಖಾಲಿ ಪಂಪು ಹೊತ್ತು ನಮ್ಮ ಹಿತ್ತಲಿಗೆ ಬರುತ್ತಿದ್ದೆ. ಕೊಟ್ಟಿಗೆಯಲ್ಲಿ ಟಕ್ ಟಕ್ ಸದ್ದು. ಕಾಕು ಕಲ್ಲು ಹಿಡಿದು ಗೂಟ ಬಡಿಯುತ್ತಿದ್ದಳು. ಅವಳ ಎಮ್ಮೆಗಳು ಮರಳಿ ಬಂದು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದವು. ನನ್ನನ್ನು ಕಂಡರೂ ಅವಳು ಕೆಲಸ ನಿಲ್ಲಿಸಲಿಲ್ಲ.

"ಹಿಡಿ ಇದನ್ನ," ಎಂದು ಒಂದು ಎಮ್ಮೆಯ ದಾವಣಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. "ಗಟ್ಟಿ ಹಿಡಿ ತಂಗಿ. ಭಾಳ ದಿನಾ ಆತು ಕಟ್ಟಿ, ಇದಕ್ಕ ರೂಢಿ ತಪ್ಪೈತಿ."

ಎಮ್ಮೆ ತಲೆ ಕೊಡವಿತು. ನಾನು ಹಗ್ಗ ಹಿಡಿದು ನಿಂತೆ, ಅವಳು ಗಂಟು ಹಾಕಿದಳು.